ಗೌಡರ ಮೊಳ, ಅಕ್ಕೋರ ಮೊಳ

ನಮ್ಮ ಹಿತ್ತಲ ಬಾಗಿಲು ತನ್ನ ಸರ್ವಸ್ವವನ್ನೂ ಗೆದ್ದಲಿಗೆ ದಾನ ಮಾಡಿ, ಬರಿಯ ಬಣ್ಣದ ಆಧಾರದ ಮೇಲೆ ನಿಂತಿತ್ತು. ಹೊಸದನ್ನು ಮಾಡಿಸಲೆಂದು ಹೋದ ವಾರ ಹಾನಗಲ್ಲಿನ ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಹೋದೆ. ಅಲ್ಲಿನ ತರುಣ ಸೊಂಟದಿಂದ ಉಕ್ಕಿನ ಟೇಪು ತೆಗೆದ, ಸರ್ರನೆ ಎಳೆದ, ಓದಿದ, ಬಿಟ್ಟ. ಅದು ಪಟ್ಟನೆ ಡಬ್ಬಿಯೊಳಗೆ ಹೋಗಿ ಕುಳಿತಿತು. ಅಳತೆಯೆಂಬ ಮಹಾಸಂಸ್ಕಾರ ಅಷ್ಟರಲ್ಲೇ ಮುಗಿದುಹೋಯಿತು. ಕುಂಕುಮವಿಲ್ಲ, ಕಾಯಿಯಿಲ್ಲ, ಯಾರ ಕೈ ಎಂಬ ವಿಚಾರಣೆಯೂ ಇಲ್ಲ. ನಾನು ಹೀಗೆ ಮನಸ್ಸಿನಲ್ಲೇ ಆಕ್ಷೇಪಣೆ ದಾಖಲಿಸುತ್ತಿರುವಾಗ ಗರಗಸ ಸಾಗುವಾನಿಯೊಳಗೆ ಇಳಿಯಿತು. ಹಸಿ ಹೊಟ್ಟಿನ ಆ ಎಣ್ಣೆಗಂಪು ಮೂಗಿಗೆ ಬಡಿದದ್ದೇ ತಡ, ನಾನು ಮಿಲ್ಲಿನಲ್ಲಿ ಉಳಿಯಲಿಲ್ಲ. ಯುದ್ಧದ ಕಾಲದ ಒಂದು ಬೇಸಿಗೆಯಲ್ಲಿ, ಸೂರಿಲ್ಲದ ನಾಲ್ಕು ಗೋಡೆಗಳ ನಡುವೆ ನಿಂತಿದ್ದೆ.

ಹಂಸಭಾವಿಯಿಂದ ತಿಳವಳ್ಳಿಗೆ ಹೋಗುವ ದಾರಿಯಲ್ಲಿ ಒಂದು ಕಡೆ ತಿರುಗಿದರೆ ಆ ಊರು ಸಿಗುತ್ತದೆ. ಹೆಸರು ಹೇಳುವುದಿಲ್ಲ. ಅಲ್ಲಿನ ಗೌಡರ ಮೊಮ್ಮಕ್ಕಳು ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ನಾನು ಅಲ್ಲಿಯ ಗಂಡುಮಕ್ಕಳ ಶಾಲೆಗೆ ಹೊಸದಾಗಿ ಬಂದ ಮಾಸ್ತರ. ನನ್ನ ಸ್ಥಿರ, ಚರ ಆಸ್ತಿಯೆಂದರೆ ಒಂದು ಟ್ರಂಕು, ಒಂದು ಛತ್ರಿ ಮತ್ತು ಧಾರವಾಡದಲ್ಲಿ ಕೊಂಡ, ಇಂಚು ಕೊರೆದ ಒಂದು ಮರದ ಪಟ್ಟಿ. ಆ ಪಟ್ಟಿಯ ದೆಸೆಯಿಂದ ನಾನು ಅಳತೆಬಲ್ಲವನೆಂದು ಹೆಸರಾಗಿ, ಹೆಣ್ಣುಮಕ್ಕಳ ಶಾಲೆಗೆ ಹೊಸ ಕಟ್ಟಡ ಕಟ್ಟುವಾಗ ಮೇಲ್ವಿಚಾರಣೆಯ ಗೌರವ ನನ್ನ ಹೆಗಲೇರಿತು. ಗೌರವವಾದ್ದರಿಂದ ಅದಕ್ಕೆ ಸಂಬಳವಿರಲಿಲ್ಲ.

ಹೆಣ್ಣುಮಕ್ಕಳ ಶಾಲೆ ಅಂದರೆ ಆಗ ಸುಭದ್ರಾ ಅಕ್ಕೋರು. ಶಿಗ್ಗಾಂವಿಯವರು. ನಮ್ಮ ಕಡೆ ಕಲಿಸುವ ಹೆಂಗಸರಿಗೆಲ್ಲ ಅಕ್ಕೋರೆಂದೇ ಕರೆಯುವುದು ರೂಢಿ. ಇವರ ವಿಷಯದಲ್ಲಿ ಮಾತ್ರ ಅದು ರೂಢಿಯಲ್ಲ, ಪದವಿ. ಎತ್ತರದ ಆಳು. ಊರಿನ ಬಹುತೇಕ ಬಾಗಿಲುಗಳು ಅವರಿಂದ ನಮಸ್ಕಾರ ಮಾಡಿಸಿಕೊಂಡೇ ಒಳಗೆ ಬಿಡುತ್ತಿದ್ದವು. ಮನುಷ್ಯರ್ಯಾರೂ ಆ ಪ್ರಯತ್ನಕ್ಕೆ ಹೋಗಿರಲಿಲ್ಲ. ಶಾಲೆ ನಡೆಯುತ್ತಿದ್ದುದು ಒಂದು ಮನೆಯ ಪಡಸಾಲೆಯಲ್ಲಿ: ಒಂದು ಕಡೆ ಜೋಳದ ಚೀಲ, ಇನ್ನೊಂದು ಕಡೆ ಹುಡುಗಿಯರು, ನಡುವೆ ಅಕ್ಕೋರು. ಅವರ ಗಣಿತದಲ್ಲಿ ಪುಸ್ತಕಕ್ಕಿಂತ ಹಗ್ಗ, ಕೊಡ, ಸೇರು, ಸೆರಗುಗಳೇ ಹೆಚ್ಚು. ಹೊಲದ ಬದು ಎಷ್ಟು ಮಾರು, ಕುಬಸಕ್ಕೆ ಎಷ್ಟು ಬಟ್ಟೆ, ಹತ್ತು ಮಂದಿಗೆ ಬೇಯಿಸಿದ ಬೇಳೆಗೆ ಹದಿನಾಲ್ಕು ಮಂದಿ ಬಂದರೆ ಎಷ್ಟು ನೀರು ಹಾಕಬಹುದು, ಎಷ್ಟಾದ ಮೇಲೆ ಹಾಕಬಾರದು.

"ನಿಮ್ಮ ಕೈ ಎಷ್ಟು ಉದ್ದ ಐತಿ ಅಂತ ಮೊದ್ಲು ತಿಳಕೋರಿ," ಎಂದು ಅವರು ಹೇಳುವುದನ್ನು ನಾನು ಬೀದಿಯಲ್ಲಿ ನಿಂತು ಕೇಳಿದ್ದೇನೆ. "ತನ್ನ ಕೈ ಗೊತ್ತಿಲ್ದಾಕಿಗೆ ಅರಿವಿ ಅಂಗಡ್ಯಾವನ ಕೈ ಎಷ್ಟು ಉದ್ದ ಅಂತ ಹ್ಯಾಂಗ ಗೊತ್ತಾಕೈತಿ?"

ಆ ಚಳಿಗಾಲದಲ್ಲಿ ತಪಾಸಣೆಗೆ ಬಂದ ಸಾಹೇಬರು ಜೋಳದ ಚೀಲಗಳನ್ನೂ ಹುಡುಗಿಯರನ್ನೂ ಒಟ್ಟಿಗೆ ಎಣಿಸಿ, ಮುಖ ಸಣ್ಣ ಮಾಡಿಕೊಂಡರು. ಮಿರಗದ, ಅಂದರೆ ಮೃಗಶಿರದ, ಮಳೆ ಬೀಳುವ ಹೊತ್ತಿಗೆ ಶಾಲೆಗೆ ತನ್ನದೇ ಸೂರು ಇರಬೇಕು. ಇಲ್ಲವಾದರೆ ಶಾಲೆ ಮುಚ್ಚಿ, ಹುಡುಗಿಯರನ್ನು ಗಂಡುಮಕ್ಕಳ ಶಾಲೆಗೆ ಸೇರಿಸಬೇಕು ಎಂದು ಹೇಳಿ ಹೋದರು. ಕೇಳಲು ಇದು ನ್ಯಾಯವಾದ ಮಾತೇ. ಆದರೆ ಊರಿನ ತಾಯಂದಿರು ಅಂದೇ ತೀರ್ಪು ಕೊಟ್ಟಿದ್ದರು: "ಆ ಗಂಡಹುಡುಗೂರ ಸಂತ್ಯಾಗ ನಮ್ಮ ಹುಡಿಗ್ಯಾರನ್ನ ಕಳಸೂದಿಲ್ರಿ. ಮನ್ಯಾಗ ಕಸ ಹೊಡೀಲಿ." ಅಂದರೆ ಸೂರು ಬಿದ್ದರೆ ಶಾಲೆ, ಇಲ್ಲವಾದರೆ ಕಸಬರಿಗೆ. ಅಕ್ಕೋರು ಇದರ ಬಗ್ಗೆ ಒಮ್ಮೆಯೂ ಕಣ್ಣೀರು ಹಾಕಲಿಲ್ಲ. "ಮಿರಗಕ್ಕ ಎಷ್ಟು ವಾರ ಐತ್ರಿ ಮಾಸ್ತರ?" ಎಂದು ಮಾತ್ರ ಕೇಳಿದರು.

ವೀರನಗೌಡರು ಜಾಗ ಕೊಟ್ಟರು. ಗೌಡರದು ಗಿಡ್ಡ ದೇಹ, ಅಗಲ ಮೀಸೆ, ಅದಕ್ಕಿಂತ ಅಗಲವಾದ ಘನತೆ. ಅವರು ಕುಳಿತಾಗಲೂ ನಿಂತಾಗಲೂ ಎತ್ತರದಲ್ಲಿ ಹೆಚ್ಚು ವ್ಯತ್ಯಾಸ ಕಾಣುತ್ತಿರಲಿಲ್ಲ. ಆದರೆ ಅವರು ನಿಂತರೆ ಊರೇ ಎದ್ದು ನಿಲ್ಲುತ್ತಿತ್ತಾದ್ದರಿಂದ ಅದನ್ನು ಗಮನಿಸಲು ಯಾರಿಗೂ ಪುರಸೊತ್ತಿರಲಿಲ್ಲ.

ಮೇಲಿನಿಂದ ಬಂದ ನಕ್ಷೆಯಲ್ಲಿ ಅಳತೆಗಳೆಲ್ಲ ಫೂಟಿನಲ್ಲಿದ್ದವು. ತಿಳವಳ್ಳಿಯಿಂದ ಬಂದ ಬಡಿಗೇರ ಮೌನಪ್ಪ ನಕ್ಷೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಮಡಿಚಿ ನನಗೇ ಕೊಟ್ಟ.

"ಫೂಟಂದ್ರ ಯಾರ ಕಾಲ್ರೀ ಮಾಸ್ತರ?"

"ಇಂಗ್ಲೆಂಡಿನ ಯಾವನೋ ರಾಜಂದಂತಪ್ಪ."

"ಮತ್ತ ಸಾಲಿ ನಮ್ಮೂರಾಗ ಕಟ್ಟೂದೋ, ಅವನ ಊರಾಗೋ? ಯಜಮಾನನ ಕೈ ಹತ್ತಲಾರದ ಮನಿಗೆ ಆಯ ಎಲ್ಲಿಂದ ಬರ್ತೈತ್ರಿ? ಆಯ ಇಲ್ದ ಮನಿ ನಿಂದ್ರತೈತೇನು?"

ಆಯವೆಂದರೆ ಮನೆಯ ಉದ್ದಗಲವನ್ನು ಯಜಮಾನನ ಮೊಳದಿಂದ ಅಳೆದು, ಗುಣಿಸಿ, ಎಂಟರಿಂದ ಭಾಗಿಸಿ, ಉಳಿದ ಶೇಷದಿಂದ ಶುಭಾಶುಭ ಹೇಳುವ ಲೆಕ್ಕ. ನಮ್ಮ ಕಡೆ ಎಷ್ಟೋ ಬಡಿಗರಿಗೆ ಭಾಗಾಕಾರ ಕಲಿಸಿದ್ದು ಈ ಭಯವೇ. ಮೌನಪ್ಪ ಗೌಡರ ಪಡಸಾಲೆಯಲ್ಲಿ ಕಾಯಿ ಒಡೆದು, ಗೌಡರ ಬಲಗೈಯನ್ನು ಮೊಣಕೈಯಿಂದ ನಡುಬೆರಳ ತುದಿಯವರೆಗೆ ಒಂದು ಬಿದಿರುಕೋಲಿಗೆ ಹಚ್ಚಿ, ಗುರುತು ಕೊರೆದು, ಕುಂಕುಮ ಹಚ್ಚಿದ. ಆ ಹೊತ್ತು ಗೌಡರು ಕೈಯನ್ನು ಚಾಚಿದ ಗಾಂಭೀರ್ಯ ನೋಡಿದ್ದರೆ ಅವರು ಒಂದು ರಾಜ್ಯವನ್ನೇ ಧಾರೆಯೆರೆಯುತ್ತಿದ್ದಾರೆ ಅನ್ನಿಸುತ್ತಿತ್ತು. ಒಳಗಿನ ಅಗಲ ಹನ್ನೆರಡು ಮೊಳ, ತೊಲೆ ಹದಿಮೂರು ಮೊಳ, ಆಚೆ ಗೋಡೆಯ ಮೇಲೆ ಅರ್ಧ, ಈಚೆ ಗೋಡೆಯ ಮೇಲೆ ಅರ್ಧ ಎಂದು ಮಾತಾಯಿತು. ಗೋಡೆ ಏಳುವಷ್ಟರಲ್ಲಿ ತೊಲೆಗಳನ್ನು ತಿಳವಳ್ಳಿಯಲ್ಲೇ ಕೊಯ್ದಿಟ್ಟರೆ ಹೊತ್ತು ಉಳಿಯುತ್ತದೆಂದು ಮೌನಪ್ಪ ಕೋಲನ್ನು ಬಗಲಲ್ಲಿಟ್ಟುಕೊಂಡು ಹೋದ. ಒಬ್ಬ ಕಸುಬಿನವನ ಕೋಲನ್ನು ಇನ್ನೊಬ್ಬ ಮುಟ್ಟುವ ಪದ್ಧತಿ ಅವರಲ್ಲಿರಲಿಲ್ಲ.

ಇದಾದ ಮೇಲೆ ನಾನು ಚಳಿಜ್ವರ ಬಂದು ಮಲಗಿದೆ. ಗೌಡರು ಕೋರ್ಟಿನ ಯಾವುದೋ ಖಟ್ಲೆಗೆಂದು ಹಾನಗಲ್ಲಿಗೆ ಹೋದರು. ಗೋಡೆ ಕಟ್ಟುವ ಗೌಂಡಿ ಹುಸೇನಸಾಬ ಸವಣೂರಿನಿಂದ ಬಂದಿಳಿದದ್ದು ಆಗಲೇ. ಅವನೂ ಪದ್ಧತಿಯವನೇ. ಒಳಗಿನ ಅಗಲ ಹನ್ನೆರಡು ಮೊಳವೆಂದು ತಿಳಿದೊಡನೆ ಯಾರ ಮೊಳ ಎಂದು ಕೇಳಿದ. ಗೌಡರು ಊರಲ್ಲಿಲ್ಲವೆಂದರು. ಅವನು ವಿಚಾರ ಮಾಡಿ ಅಕ್ಕೋರ ಮುಂದೆ ಹೋಗಿ ನಿಂತನಂತೆ.

"ಮನಿಯೊಳಗ ಇರಾಕಿ ನೀವ ಅಲ್ರೀ ಅಕ್ಕೋರ? ಹಂಗಾದ್ರ ಕೈ ನಿಮ್ದ ಆಗಬೇಕ್ರಿ. ಗೋಡಿಗೆ ಹಚ್ರಿ, ನೀವ ಗೆರಿ ಹೊಡೀರಿ. ನಾ ಕೋಲು ಆ ಗೆರಿಗೆ ಕೊಯ್ಕೋತೇನಿ."

ಅಕ್ಕೋರು ಕೈಯನ್ನು ಪಡಸಾಲೆಯ ಗೋಡೆಗೆ ಹಚ್ಚಿ, ಸೀಮೆಸುಣ್ಣದಿಂದ ಎರಡು ಗೆರೆ ಎಳೆದರು. ಬಡಿಗೇರ ಆಗಲೇ ಒಂದು ಕೋಲು ಒಯ್ದಿದ್ದಾನೆಂದು ಅವರಿಗೆ ತಿಳಿದಿರಲಿಲ್ಲ. ತಿಳಿದವನು ಕಂಬಳಿಯೊಳಗೆ ನಡುಗುತ್ತಿದ್ದ.

ಜ್ವರ ಬಿಟ್ಟು ಹೋಗಿ ನೋಡಿದರೆ ಗೋಡೆ ಎದೆಮಟ್ಟ ಬಂದಿತ್ತು. ಹುಸೇನಸಾಬ ಕಟ್ಟುವುದನ್ನು ನೋಡುವುದೇ ಒಂದು ಔಷಧ. ದಾರಕ್ಕೆ ಕಟ್ಟಿದ ಗುಂಡನ್ನು ಇಳಿಬಿಟ್ಟು, ಒಂದು ಕಣ್ಣು ಮುಚ್ಚಿ, ಅದು ಅಲುಗಾಡುವುದು ನಿಲ್ಲುವವರೆಗೆ ತಾನೂ ಉಸಿರು ಬಿಡುತ್ತಿರಲಿಲ್ಲ. ಮೂಲೆ ನೋಡಲು ಅವನ ಹತ್ತಿರ ಗಂಟು ಹಾಕಿದ ಹಗ್ಗವಿತ್ತು: ಒಂದು ಕಡೆ ಮೂರು ಗಂಟು, ಒಂದು ಕಡೆ ನಾಲ್ಕು, ಅಡ್ಡ ಐದು. ಅದಕ್ಕೆ ನಾವು ತರಗತಿಯಲ್ಲಿ ಇಟ್ಟ ಹೆಸರು ಬೇರೆ, ಅವನಿಟ್ಟದ್ದು ಬೇರೆ. ಮೂಲೆ ಮಾತ್ರ ಇಬ್ಬರಿಗೂ ಒಂದೇ. ಗೋಡೆ ಅಷ್ಟು ನೆಟ್ಟಗಿದ್ದರಿಂದ ನನ್ನ ಪಟ್ಟಿಯನ್ನು ಟ್ರಂಕಿನಿಂದ ಹೊರಗೆ ತೆಗೆಯುವುದು ಅಪಮಾನವೆಂದು ತಿಳಿದು ತೆಗೆಯಲಿಲ್ಲ.

ರೋಹಿಣಿ ಮಳೆಯ ಮೊದಲ ಗುಡುಗು ದೂರದಲ್ಲಿ ಗೊಣಗುತ್ತಿದ್ದ ದಿನ ತಿಳವಳ್ಳಿಯಿಂದ ಚಕ್ಕಡಿಗಳು ಬಂದವು. ಐದು ಸಾಗುವಾನಿ ತೊಲೆಗಳು, ಒಂದಕ್ಕಿಂತ ಒಂದು ಚೆಂದ. ಮೌನಪ್ಪ ಅವುಗಳ ಅಂಚಿಗೆ ಬಳ್ಳಿ ಕೂಡ ಕೊರೆದಿದ್ದ. ಇಡೀ ಊರಿನ ಮೈಗೆ ಅದೇ ವಾಸನೆ. ಗೌಡರು ಹಾನಗಲ್ಲಿನಿಂದ ಇನ್ನೂ ಬಂದಿರಲಿಲ್ಲ. ಹಗ್ಗ ಹಾಕಿ, ಜಯಕಾರ ಹಾಕಿ ಮೊದಲನೆಯ ತೊಲೆ ಎತ್ತಿದರು. ಒಂದು ತುದಿಯನ್ನು ಮೂಡಣ ಗೋಡೆಯ ಮೇಲೆ ಇಟ್ಟರು. ಇನ್ನೊಂದು ತುದಿ ಪಡುವಣ ಗೋಡೆಯ ಹತ್ತಿರ ಬಂದು, ಅದನ್ನು ಮುಟ್ಟದೆ, ನಡುಗಾಳಿಯಲ್ಲಿ ಸಂಕೋಚಪಟ್ಟು ನಿಂತಿತು.

ಜಯಕಾರ ಅರ್ಧಕ್ಕೇ ನಿಂತಿತು. ತೊಲೆಯನ್ನು ಇಳಿಸಿದರು.

"ಸಾಬ್ರ, ಗೋಡಿ ಎಲ್ಲೆ ಒಯ್ದು ಕಟ್ಟೀರಿ? ಸವಣೂರಾಗೇನು?" ಎಂದ ಮೌನಪ್ಪ.

"ಗೋಡಿ ಇದ್ದಲ್ಲೇ ಐತಿ. ನಿಮ್ಮ ತೊಲಿ ಹಾದ್ಯಾಗ ಚಕ್ಕಡಿ ಎತ್ತು ಮೇದುವೇನು ನೋಡ್ರಿ ಮೊದ್ಲು!"

"ಹನ್ನೆರಡು ಮೊಳ ಅಂತ ಮಾತಾಗಿತ್ತು!"

"ಹನ್ನೆರಡ ಐತಿ! ಒಂದು ಬೆರಳು ಕಡಿಮಿ ಇದ್ರ ನನ್ನ ಕೈಯಾಗಿನ ಕರಣಿ ಕಿತ್ಕೊಂಡು ಹಳ್ಳಕ್ಕ ಒಗೀರಿ!"

ಇಬ್ಬರೂ ಕೋಲು ತೆಗೆದರು. ಪದ್ಧತಿ ಮುರಿದು, ಎರಡು ಕೋಲುಗಳನ್ನು ಪಕ್ಕಪಕ್ಕ ನಿಲ್ಲಿಸಿದರು. ಹುಸೇನಸಾಬನದು ಮೂರು ಬೆರಳು ಉದ್ದ.

"ಇದು ಅಕ್ಕೋರ ಕೈ," ಎಂದ ಹುಸೇನಸಾಬ.

"ಇದು..." ಎಂದು ಮೌನಪ್ಪ ಶುರು ಮಾಡಿ, ಬಾಯಿ ಮುಚ್ಚಿದ. ಅಲ್ಲಿ ನೆರೆದವರಿಗೆಲ್ಲ ಅದು ಯಾರ ಕೈಯೆಂದು ಆಗ ಹೊಳೆಯಿತು. ಊರಿನ ಇತಿಹಾಸದಲ್ಲಿ ಗೌಡರ ಯಾವ ಅಂಗವೂ ಸಣ್ಣದೆಂದು ಸಾರ್ವಜನಿಕವಾಗಿ ರುಜುವಾತಾದದ್ದು ಅದೇ ಮೊದಲು. ಜನ ಆಕಾಶ ನೋಡಿದರು, ಎತ್ತು ನೋಡಿದರು. ಕೊನೆಗೆ ಮೌನಪ್ಪನೇ ಮೆಲ್ಲಗೆ, "ಬಿಸಲಿಗೆ ಬಿದಿರು ಒಣಗಿ ಸಣ್ಣದಾಗಿರಬೇಕ್ರಿ," ಎಂದ. ಆ ಸುಳ್ಳನ್ನು ಎಲ್ಲರೂ ಅತ್ಯಂತ ಕೃತಜ್ಞತೆಯಿಂದ ಒಪ್ಪಿಕೊಂಡರು.

ಅಕ್ಕೋರೊಬ್ಬರು ಒಪ್ಪಿಕೊಳ್ಳಲಿಲ್ಲ. ಅಲ್ಲೇ ಬಿದ್ದಿದ್ದ ಇದ್ದಿಲು ತೆಗೆದುಕೊಂಡು ಹೊಸ ಗೋಡೆಯ ಮೇಲೆ ಬರೆಯತೊಡಗಿದರು. ಹುಸೇನಸಾಬ ಗೋಡೆಯ ದುಃಖಕ್ಕೆ ಕಣ್ಣು ಮುಚ್ಚಿಕೊಂಡ.

"ಮೊಳಕ್ಕ ಮೂರು ಬೆರಳು ಕಡಿಮಿ. ಹದಿಮೂರು ಮೂರಲೆ ಮೂವತ್ತೊಂಬತ್ತು. ಗೋಡಿ ಮ್ಯಾಲ ಕುಂದ್ರಾಕ ಇಟ್ಟಿದ್ದು ಒಂದು ಮೊಳ, ಇಪ್ಪತ್ನಾಕು ಬೆರಳು. ಕಳದ್ರ ಹದಿನೈದು. ಹದಿನೈದು ಬೆರಳು ಕಡಿಮಿ ಬಿದ್ದೈತಿ." ತಿರುಗಿ ಕೇಳಿದರು: "ಮೌನಪ್ಪ, ಬ್ಯಾರೆ ತೊಲಿ ಸಿಗತಾವೇನು?"

"ಎಲ್ಲೀದ್ರಿ ಅಕ್ಕೋರ? ಡೀಪೋದಾಗಿನ ಕಟ್ಟಿಗಿ ಎಲ್ಲಾ ಯುದ್ಧಕ್ಕ ಹೊಂಟಾವ. ಈ ಐದಕ್ಕ ಪರವಾನಗಿ ಸಿಗಬೇಕಾದ್ರ ನನ್ನ ಮೆಟ್ಟು ಸವದು ಹೋದುವು."

"ಸಾಬ್ರ, ಗೋಡಿ ಬಿಚ್ಚಿ ಒಳಗ ತಂದ್ರ?"

"ಮಿರಗ ನನ್ನ ಸಲುವಾಗಿ ನಿಂದ್ರತೈತೇನ್ರಿ?"

ಅಕ್ಕೋರು ಇದ್ದಿಲನ್ನು ಕೆಳಗಿಟ್ಟರು. ಅವರ ಮುಖ ಆಗ ಮೊದಲ ಬಾರಿ ಸೋತಂತೆ ಕಂಡಿತು. ಸಂಜೆಯ ಗಾಳಿಗೆ ಹೊಟ್ಟು ಹಾರುತ್ತಿತ್ತು. ಬೇಲಿಯಾಚೆ ಹುಡುಗಿಯರು ತಮ್ಮ ಹೊಸ ಶಾಲೆಯ ತೊಲೆಗಳನ್ನು ಎಣಿಸುತ್ತ, ಯಾವ ತೊಲೆಯ ಕೆಳಗೆ ಯಾರು ಕೂರಬೇಕೆಂದು ಜಗಳ ತೆಗೆದಿದ್ದರು. ಅಕ್ಕೋರು ಆ ಕಡೆ ಒಮ್ಮೆ ನೋಡಿ, ಮತ್ತೆ ಇದ್ದಿಲು ಎತ್ತಿಕೊಂಡರು.

"ತೊಲಿ ಗೋಡಿ ಮ್ಯಾಲ ಕುಂದ್ರಬೇಕು ಅಂತ ಯಾರು ಹೇಳ್ಯಾರ? ಗೋಡಿಯಿಂದ ಒಂದೂವರಿ ಗೇಣು, ಅಂದ್ರ ಹದಿನೆಂಟು ಬೆರಳು ಒಳಗ, ಆ ಕಡಿಗೊಂದು ಈ ಕಡಿಗೊಂದು ಕಂಬ ನಿಲ್ಲಿಸಿದ್ರ? ತೊಲಿ ತುದಿ ಕಂಬದಿಂದ ಎಷ್ಟು ಆಚೆ ಹೋಗತೈತಿ ಲೆಕ್ಕ ಹಾಕ್ರಿ."

ಮೌನಪ್ಪ ಬೆರಳು ಮಡಿಚಿ ಎಣಿಸಿದ. ಹುಸೇನಸಾಬ ನೆಲದ ಮೇಲೆ ಕಡ್ಡಿಯಿಂದ ಗೀರಿದ. ನಾನು ಮನಸ್ಸಿನಲ್ಲೇ ಕಳೆದು ಕೂಡಿಸಿದೆ. ಮೂವರೂ ಒಂದೇ ಹೊತ್ತಿಗೆ "ಹತ್ತೂವರಿ ಬೆರಳು" ಎಂದೆವು. ಒಂದು ಕಾರ್ಯಕ್ಷೇತ್ರದಲ್ಲಿ ಮೂವರು ಗಂಡಸರು ಏಕಾಭಿಪ್ರಾಯಕ್ಕೆ ಬಂದದ್ದನ್ನು ನಾನು ಮತ್ತೆ ಕಂಡಿಲ್ಲ.

"ಸಾಕೇನು?"

"ಬೋದಿಗಿ ಕೊಟ್ಟು ಕೂಡಿಸಿದ್ರ ಆನಿ ನಿಂತ್ರೂ ಅಲಗಾಡೂದಿಲ್ರಿ," ಎಂದ ಮೌನಪ್ಪ. ಕಂಬದ ತಲೆಯ ಮೇಲೆ ತೊಲೆಗೆ ಆಸರೆಯಾಗಿ ಇಡುವ ಅಗಲ ಕಟ್ಟಿಗೆಯೇ ಬೋದಿಗೆ. "ಆದ್ರ ಹತ್ತು ಕಂಬ ಎಲ್ಲಿಂದ ತರೂದು?"

ಹತ್ತು ಒಳ್ಳೆಯ ಕಂಬಗಳು ಊರಲ್ಲಿ ಒಂದೇ ಕಡೆ ಇದ್ದವು: ಗೌಡರ ಹಳೆಯ ದನದ ಕೊಟ್ಟಿಗೆಯಲ್ಲಿ. ಕೇಳಬೇಕಾದರೆ ಯಾಕೆಂದು ಹೇಳಬೇಕು. ಯಾಕೆಂದು ಹೇಳಬೇಕಾದರೆ ಕೈಯ ಸುದ್ದಿ ಬರಬೇಕು. ಹೇಳುವವರಾರು? ಹುಸೇನಸಾಬ ತಾನು ಪರಸ್ಥಳದವನೆಂದ. ಮೌನಪ್ಪ ತನಗೆ ಮಕ್ಕಳುಮರಿ ಇದ್ದಾರೆಂದ. ನನಗೆ ಜ್ವರ ಮರುಕಳಿಸುವ ಲಕ್ಷಣಗಳು ಕಂಡವು.

ಮರುದಿನ ಗೌಡರು ಊರಿಗೆ ಬಂದರು. ಅಕ್ಕೋರು ಅವರನ್ನು ಹುಡುಗಿಯರ ಲೆಕ್ಕದ ಪರೀಕ್ಷೆಗೆ ಅಧ್ಯಕ್ಷರಾಗಿ ಕರೆದರು. ಅಧ್ಯಕ್ಷತೆಯನ್ನು ನಿರಾಕರಿಸಿದ ಗೌಡರು ನಮ್ಮ ಜಿಲ್ಲೆಯಲ್ಲಿ ಆವರೆಗೆ ಹುಟ್ಟಿರಲಿಲ್ಲ. ಪಡಸಾಲೆಯಲ್ಲಿ ಲೋಡಿಗೆ ಒರಗಿ ಕುಳಿತರು. ಪರೀಕ್ಷೆ ಒಂದೇ ಪ್ರಶ್ನೆಯದು: ಎದುರಿನ ಜಮಖಾನೆ ಎಷ್ಟು ಮೊಳ? ಒಬ್ಬೊಬ್ಬಳೇ ಬಂದು ಮಂಡಿಯೂರಿ ಅಳೆದಳು. ಒಬ್ಬಳಿಗೆ ಎಂಟು, ಒಬ್ಬಳಿಗೆ ಒಂಬತ್ತು, ತೀರ ಸಣ್ಣವಳಿಗೆ ಹನ್ನೊಂದು.

"ಯಾರದು ಖರೇ?" ಎಂದು ಗೌಡರು ಹುಬ್ಬೇರಿಸಿದರು.

"ಎಲ್ಲಾರದೂ ಖರೇರಿ," ಎಂದರು ಅಕ್ಕೋರು. "ಎಲ್ಲಾರೂ ತಮ್ಮ ತಮ್ಮ ಕೈಲೆ ಅಳದಾರ. ಎಲ್ಲಾರ ಕೈ ಕೂಡಿ ಒಂದ ಮನಿ ಕಟ್ಟೋ ಹೊತ್ತಿಗೆ ತ್ರಾಸ ಆಕೈತಿ ನೋಡ್ರಿ."

ಗೌಡರು ಅಕ್ಕೋರನ್ನು ನೋಡಿದರು. ಬಾಗಿಲಲ್ಲಿ ಕೋಲು ಹಿಡಿದು ತಲೆ ತಗ್ಗಿಸಿ ನಿಂತಿದ್ದ ಇಬ್ಬರು ಮೇಸ್ತ್ರಿಗಳನ್ನು ನೋಡಿದರು. ಎದ್ದು ಹೋಗಿ ಎರಡೂ ಕೋಲು ಇಸಿದುಕೊಂಡು, ತಮ್ಮ ಕೈಗೆ ಒಂದೊಂದಾಗಿ ಹಚ್ಚಿ ನೋಡಿದರು. ಅವರು ಸಿಟ್ಟಾಗಿ ನಡೆದುಬಿಟ್ಟರೆ ಕಂಬವೂ ಇಲ್ಲ, ಶಾಲೆಯೂ ಇಲ್ಲ.

"ಅಕ್ಕೋರ," ಎಂದರು ಗೌಡರು ಕೋಲುಗಳನ್ನು ಕೆಳಗಿಳಿಸಿ, "ನನ್ನ ಕೈ ಸಣ್ಣದಂತ ಹೇಳಾಕ ಇಷ್ಟು ಹುಡಿಗ್ಯಾರನ್ನ ಕೂಡಿಸಬೇಕಾಗಿತ್ತೇನ್ರಿ?"

"ಸಣ್ಣದು ಅಂತ ನಾ ಯಾವಾಗ ಅಂದೆ? ನಂದು ಉದ್ದಾತು. ನಡುವ ಹತ್ತು ಕಂಬದಷ್ಟು ಜಾಗಾ ಉಳೀತು."

ಗೌಡರ ಮೀಸೆ ಒಂದು ಕಡೆ ಅಲುಗಿತು, ಆಮೇಲೆ ಇನ್ನೊಂದು ಕಡೆ. ನಗು ಹೊರಗೆ ಬರಲು ಅಷ್ಟು ದೂರ ದಾಟಬೇಕಾಗಿತ್ತು. "ನನ್ನ ಕೊಟಿಗ್ಯಾಗ ಎಷ್ಟು ಕಂಬ ಅದಾವ ಅಂತಾನೂ ಎಣಿಸೇ ಕರದೀರಿ ಅನ್ರಿ! ಒಯ್ರಿ. ದನ ಗಿಡದ ಬುಡಕ್ಕ ನಿಂದ್ರತಾವ. ಹುಡಿಗ್ಯಾರು ಎಲ್ಲೆ ನಿಂದ್ರಬೇಕು?"

ಗೌಡರ ಅಜ್ಜನ ಮೊಳದಿಂದ ಕಡಿದ ಆ ಕಂಬಗಳು ಇನ್ನೂ ಬೇರೆಯೇ ಲೆಕ್ಕದವು. ಈ ಸಲ ಮಾತ್ರ ಮೌನಪ್ಪ ತಾನಾಗಿಯೇ ನನ್ನ ಹತ್ತಿರ ಬಂದು, "ಆ ರಾಜನ ಕಾಲು ಸ್ವಲ್ಪ ಕೊಡ್ರಿ ಮಾಸ್ತರ," ಎಂದ. ನನ್ನ ಪಟ್ಟಿ ಟ್ರಂಕಿನಿಂದ ಹೊರಗೆ ಬಂತು. ಅದನ್ನು ಬಡಿಗೇರನೂ ಗೌಂಡಿಯೂ ಹಂಚಿಕೊಂಡು ಕೆಲಸ ಮಾಡಿದರು. ಅದು ಯಾರ ಕೈಯೂ ಅಲ್ಲವಾದ್ದರಿಂದ ಯಾರಿಗೂ ಅಡ್ಡಿಯಿರಲಿಲ್ಲ. ಕಡಿಮೆ ಬಿದ್ದ ಎತ್ತರಕ್ಕೆ ಹುಸೇನಸಾಬ ಒಂದೊಂದು ಕಂಬಕ್ಕೂ ಬೇರೆ ಬೇರೆ ಎತ್ತರದ ಕಲ್ಲು ಕಡಿದಿಟ್ಟ. ಹತ್ತರ ತಲೆಗಳೂ ಒಂದೇ ದಾರಕ್ಕೆ ಬಂದವು. ಆಯದ ಚಿಂತೆಯೊಂದು ಮೌನಪ್ಪನಿಗೆ ಉಳಿದಿತ್ತು. "ಎರಡು ಕೈಯಿನ ಮನಿಗೆ ಆಯ ಹ್ಯಾಂಗ ತಗೀಲಿ?" ಎಂದು ಕೇಳಿದ. "ಒಳಗ ಎಷ್ಟು ಹುಡಿಗ್ಯಾರು ಕುಂದ್ರತಾರ ಎಣಸು," ಎಂದರು ಅಕ್ಕೋರು, "ಅದ ಆಯ."

ಕಡೆಯ ಹಂಚು ಏರಿದ ಮಧ್ಯಾಹ್ನವೇ ಮಿರಗ ಸುರಿಯಿತು. ಹುಡುಗಿಯರೆಲ್ಲ ಒಳಗೆ ನುಗ್ಗಿ, ಸೋರುತ್ತದೆಯೇ ಎಂದು ಬಾಯಿ ತೆರೆದು ಮೇಲೆ ನೋಡಿದರು. ಸೋರಲಿಲ್ಲ. ಆಮೇಲೆ ಬಂದ ಸಾಹೇಬರು ಕಂಬದ ಸಾಲನ್ನೂ, ಗೋಡೆಗೂ ಕಂಬಕ್ಕೂ ನಡುವೆ ಹುಡುಗಿಯರು ಚೀಲ ಇಟ್ಟುಕೊಳ್ಳಲು ಒದಗಿದ ಸಂದನ್ನೂ ಮೆಚ್ಚಿ, ಇದು ಯಾವ ಇಂಜಿನಿಯರರ ಕಲ್ಪನೆ ಎಂದು ಕೇಳಿದರು. ಗೌಡರು ಮೀಸೆ ತಿರುವಿ, "ಎಲ್ಲಾ ನಮ್ಮ ಕೈಗುಣ ನೋಡ್ರಿ," ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಅಕ್ಕೋರು ಇನ್ನೊಂದು ಕೆಲಸ ಮಾಡಿಸಿದರು. ಬಾಗಿಲ ಮುಂದಿನ ಹಾಸುಗಲ್ಲಿನಲ್ಲಿ ನನ್ನ ಪಟ್ಟಿ ಇಟ್ಟು, ಮೂರು ಫೂಟಿನ ಒಂದು ಗೆರೆಯನ್ನು ಇಂಚು ಬಿಡದೆ ಕೊರೆಯಿರೆಂದು ಹುಸೇನಸಾಬನಿಗೆ ಹೇಳಿದರು. ಗೌಡರು ನಿಂತು ನೋಡುತ್ತಿದ್ದವರು, "ಬಾಜೂಕ ನಂದೂ ಒಂದು ಇರಲಿ," ಎಂದು ಮಂಡಿಯೂರಿ ಕೈ ಚಾಚಿದರು. ಅವರು ಯಾರ ಮುಂದಾದರೂ ಮಂಡಿಯೂರಿದ್ದನ್ನು ಊರು ಕಂಡದ್ದು ಅಂದೇ. ಆ ಕಲ್ಲು ಕ್ರಮೇಣ ಊರಿನ ನ್ಯಾಯಸ್ಥಾನವಾಯಿತು. ಸಂತೆಯಿಂದ ಬಂದ ಹೆಂಗಸರು ಸೀರೆಯನ್ನು ಅದರ ಮೇಲೆ ಹಾಸಿ ನೋಡಿಯೇ ಮನೆಗೆ ಹೋಗುತ್ತಿದ್ದರು. ಬಟ್ಟೆ ವ್ಯಾಪಾರಿಗಳು ಆ ಬೀದಿಯನ್ನು ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದರು.

ಮಿಲ್ಲಿನಿಂದ ನಾನು ಮನೆಗೆ ಹೋಗಲಿಲ್ಲ. ಆ ಊರಿನ ಬಸ್ಸು ಹತ್ತಿದೆ. ಶಾಲೆ ಇದೆ. ಹಂಚು ಹೊಸದು, ಕಂಬಗಳು ಅವೇ. ಒಳಗೆ ಹುಡುಗಿಯರು ನೂರು ಸೆಂಟಿಮೀಟರಿಗೆ ಒಂದು ಮೀಟರೆಂದು ಕೂಗುತ್ತಿದ್ದರು. ಹಾಸುಗಲ್ಲಿನ ಇಂಚುಗಳು ಸವೆದು ಮಸುಕಾಗಿವೆ, ಗೌಡರ ಮೊಳದ ಗೆರೆ ಮಾತ್ರ ಆಳವಾಗಿದೆ, ಈಗಲೂ ದಿನವೂ ಯಾರೋ ಮುಟ್ಟುವಂತೆ ನುಣ್ಣಗಾಗಿದೆ. ನಾನು ಬಗ್ಗಿ ನೋಡುತ್ತಿರುವಾಗ ಈಗಿನ ಅಕ್ಕೋರು ಹೊರಗೆ ಬಂದರು, ಚಿಕ್ಕ ವಯಸ್ಸಿನವರು.

"ಯಾರು ಬೇಕಾಗಿತ್ರಿ ಅಜ್ಜಾರ?"

"ಯಾರೂ ಅಲ್ಲವಾ. ಅಳತಿ ನೋಡಾಕ ಬಂದಿದ್ದೆ."

"ನೋಡ್ರಿ ನೋಡ್ರಿ," ಎಂದು ನಕ್ಕರು. "ನಮ್ಮ ಹುಡಿಗ್ಯಾರೂ ದಿನಾ ಇದ್ರ ಮ್ಯಾಲ ಕೈ ಇಟ್ಟು ನೋಡ್ತಾರ್ರಿ. ಗೌಡರ ಮೊಳ ದಾಟಿದಾಕಿ ದೊಡ್ಡಾಕಿ ಆದ್ಲು ಅಂತ ಅವರ ಲೆಕ್ಕ."

ಅವರು ಒಳಗೆ ಹೋದ ಮೇಲೆ, ಆಚೀಚೆ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮಂಡಿಯೂರಿ, ಮೊಣಕೈಯನ್ನು ಗೆರೆಯ ಬುಡಕ್ಕೆ ಹಚ್ಚಿ ಬೆರಳು ಚಾಚಿದೆ. ಇಷ್ಟು ವರ್ಷ ಗೌಡರ ಕೈಯ ಕಥೆ ಹೇಳಿ ಎಷ್ಟು ಜನರನ್ನು ನಗಿಸಿದ್ದೇನೋ ಲೆಕ್ಕವಿಲ್ಲ.

ಒಂದು ಬೆರಳು ಕಡಿಮೆ ಬಿತ್ತು.